ಸೂಡಿಯ ಕಂಬಮಂಟಪಗಳು: ಶಾಸನ ಮತ್ತು ಶಿಲ್ಪದ ಸಮನ್ವಯ

ರೋಣ–ಗಜೇಂದ್ರಗಡ ಪರಿಸರದ ಸೂಡಿಯು ಕಲ್ಯಾಣ ಚಾಳುಕ್ಯರ ಕಾಲದ ಪ್ರಮುಖ ಕೇಂದ್ರಗಳಲ್ಲಿ ಒಂದಾಗಿತ್ತು. ಇಲ್ಲಿಯ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ ಹಾಗೂ ನಾಗಕುಂಡಗಳನ್ನು ಕಲಾ ಇತಿಹಾಸಕಾರರು ಗಮನಿಸಿದ್ದಾರೆ. ಆದರೆ ಅವರ ವಿವೇಚನೆ ಬಹುಮಟ್ಟಿಗೆ ಶಿಖರ ಮತ್ತು ಅಲಂಕಾರಗಳನ್ನು ಕುರಿತದ್ದಾಗಿದೆ. ಮಂಟಪಗಳನ್ನು ಶಾಸನಗಳೊಡನೆ ಇರಿಸಿ ನೋಡಿದಾಗ ಈ ಕಟ್ಟಡಗಳ ಸಾಮಾಜಿಕ ಸ್ವರೂಪವು ಸ್ಪಷ್ಟವಾಗುತ್ತದೆ.

ಕ್ರಿ.ಶ. 1010ರ ಸೂಡಿಯ ಶಾಸನವು ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದುದನ್ನು ತಿಳಿಸುತ್ತದೆ. 'ಗುಣದ ಬೆಡಂಗಿ' ಎಂಬ ಬಿರುದನ್ನು ಧರಿಸಿದ ಈಕೆ ಆಡಳಿತದ ಹೊಣೆಯನ್ನು ಸ್ವತಃ ಹೊತ್ತವಳು. ಸ್ತ್ರೀಯರ ಪೋಷಣೆಯು ಈ ಸೀಮೆಗೆ ಹೊಸದಲ್ಲ. ಸಮೀಪದ ನರೇಗಲ್ಲಿನಲ್ಲಿ ಗಂಗ ಪೆರ್ಮಾಡಿ ಬೂತಯ್ಯನ ರಾಣಿ ಪದ್ಮಬ್ಬರಸಿಯು ಬಸದಿಯನ್ನು ಕಟ್ಟಿಸಿದ್ದು, ಅದರ ದಾನಶಾಲೆಗೆ ಕೆರೆಯನ್ನು ಬಿಟ್ಟ ಸಂಗತಿಯು 950ರ ರಾಷ್ಟ್ರಕೂಟ ಶಾಸನದಲ್ಲಿ ಉಕ್ತವಾಗಿದೆ. ಈ ಉದಾಹರಣೆಯಲ್ಲಿ ದೇವಾಲಯವು ಪೂಜೆಯೊಡನೆ ಅನ್ನದಾನದ ಸಂಸ್ಥೆಯೂ ಆಗಿತ್ತೆಂಬುದು ಗಮನಾರ್ಹ.

1060ರ ಸುಮಾರಿಗೆ, ಮೊದಲನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ದಂಡನಾಯಕ ನಾಗದೇವನು ಸೂಡಿಯಲ್ಲಿ ನಾಗೇಶ್ವರ ದೇವಾಲಯವನ್ನು ನಿರ್ಮಿಸಿದನು. ಇಂದಿನ ಜೋಡುಕಳಸದ ಗುಡಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಎದುರುಬದುರಾಗಿ ನಿಂತ ಎರಡು ವಿಮಾನಗಳನ್ನು ನಡುವಿನ ಕಂಬಮಂಟಪವು ಕೂಡಿಸುತ್ತದೆ. ಚಾಳುಕ್ಯರ ತೆರೆದ ಮಂಟಪಗಳಲ್ಲಿ ಅಂಚಿನ ಕಕ್ಷಾಸನವು ಹಿಂದಕ್ಕೆ ವಾಲಿದ ಒರಗುಗಲ್ಲಿನಿಂದ ಕೂಡಿರುತ್ತದೆ. ಅದರ ಮೇಲೆ ಕುಳ್ಳ ಕಂಬಗಳೂ ಒಳಗೆ ಪೂರ್ಣ ಎತ್ತರದ ಕಂಬಗಳೂ ನಿಂತು ಚಾವಣಿಯ ಭಾರವನ್ನು ಹೊರುತ್ತವೆ. ಗೋಡೆಯನ್ನು ಬಿಟ್ಟು ಆಸನವನ್ನು ಇಟ್ಟ ಈ ಯೋಜನೆಯಿಂದ ಗಾಳಿ ಬೆಳಕುಗಳಿಗೆ ಅವಕಾಶವಾಗಿ, ಅನೇಕರು ಕೂಡಿ ಕುಳಿತುಕೊಳ್ಳಬಲ್ಲ ಸಭಾಸ್ಥಾನವು ಸಿದ್ಧವಾಗುತ್ತದೆ.

ಇಂತಹ ಸ್ಥಾನದ ಔಚಿತ್ಯವನ್ನು ಶಾಸನಗಳೇ ಸೂಚಿಸುತ್ತವೆ. ಸೂಡಿಯು ಕಾಳಾಮುಖರ ಕೇಂದ್ರವಾಗಿತ್ತು. ಅಲ್ಲಿಯ ಸೋಮೇಶ್ವರ ಪಂಡಿತನನ್ನು ನ್ಯಾಯ, ವೈಶೇಷಿಕ, ಸಾಂಖ್ಯ ಹಾಗೂ ವ್ಯಾಕರಣ ಶಾಸ್ತ್ರಗಳಲ್ಲಿ ಪಾರಂಗತನೆಂದು ಹೊಗಳಲಾಗಿದೆ. ಊರಿನಲ್ಲಿ ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆಯೂ ಇದ್ದಿತು. ಅಧಿಕಾರ, ವಿದ್ಯೆ ಮತ್ತು ವ್ಯವಹಾರಗಳು ಒಂದೆಡೆ ಸೇರಿದ ಪಟ್ಟಣದಲ್ಲಿ ಮಂಟಪವನ್ನು ಕೇವಲ ಗರ್ಭಗೃಹದ ಮುಂಗಟ್ಟೆಂದು ಭಾವಿಸುವುದು ಸಾಲದು. ನಾಗಕುಂಡವೂ ಇದೇ ದೃಷ್ಟಿಗೆ ಪೂರಕವಾಗಿದೆ. ನಿತ್ಯೋಪಯೋಗದ ನೀರಿನ ಆಸರೆಯಾದ ಅದರ ಗೋಡೆಗಳನ್ನೂ ಶಿಲ್ಪಿಗಳು ದೇವಾಲಯದ ಭಿತ್ತಿಯಂತೆ ಕಂಡರಿಸಿದ್ದಾರೆ. ಉಪಯೋಗ ಮತ್ತು ಸೌಂದರ್ಯಗಳನ್ನು ಆ ಕಾಲದವರು ಬೇರ್ಪಡಿಸಿರಲಿಲ್ಲ.

ಆದ್ದರಿಂದ ಈ ಸ್ಮಾರಕಗಳ ಸಂರಕ್ಷಣೆಯು ಕಂಬಗಳನ್ನು ಎತ್ತಿ ನಿಲ್ಲಿಸುವಷ್ಟಕ್ಕೆ ಮುಗಿಯಲಾರದು. ಶಾಸನದ ಕಲ್ಲು ತನ್ನ ನೆಲೆಯಿಂದ ಸರಿದರೆ ಅದು ಹೇಳುವ ದಾನ ಯಾವ ಗುಡಿಯದು, ಆ ಗುಡಿಯ ಕಾಲ ಯಾವುದು ಎಂಬ ನಂಟು ಕಡಿದುಹೋಗುತ್ತದೆ. ಜೋಡುಕಳಸದ ಗುಡಿಯನ್ನು ನಾಗದೇವನ ಕೃತಿಯೆಂದು ಕರೆಯಲು ನಮಗಿರುವ ಆಧಾರ ಇಂತಹ ನಂಟೇ. ಕಂಬಗಳ ಅಳತೆ, ಕಕ್ಷಾಸನಗಳ ವಿನ್ಯಾಸ, ಶಾಸನಗಳ ನೆಲೆ ಇವುಗಳನ್ನು ಒಟ್ಟಾಗಿ ದಾಖಲಿಸಿದಾಗ ಮಾತ್ರ ಕಿಸುಕಾಡಿನ ಜನಜೀವನದ ಚಿತ್ರವು ಪೂರ್ಣವಾದೀತು.