ಶಾಲೆಯಿಂದ ಹೊರಹಾಕುವ ಅಧಿಕಾರ

1985ರ ಜುಲೈ 26ರಂದು ಕೇರಳದ ಕಿಡಂಗೂರಿನ ಖಾಸಗಿ ಪ್ರೌಢಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಹತ್ತು, ಒಂಬತ್ತು ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಸಕರೊಬ್ಬರು ಈ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆಗೆ ನೇಮಕವಾದ ಆಯೋಗವು ಮಕ್ಕಳು ಕಾನೂನಿಗೆ ವಿಧೇಯರು, ಅಗೌರವ ತೋರಿಲ್ಲ ಎಂದು ವರದಿಯಿತ್ತಿತು. ಆದರೂ ಮೇಲಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಅವರನ್ನು ಹೊರಗೆ ಕಳುಹಿಸಿದರು. ತಂದೆ ಅಂಗಲಾಚಿದರೂ ತಾವು ನಿಸ್ಸಹಾಯಕರೆಂದರು.

ಕೇರಳದ ಉಚ್ಚ ನ್ಯಾಯಾಲಯದಲ್ಲಿ ಆ ಕುಟುಂಬಕ್ಕೆ ನ್ಯಾಯ ದೊರೆಯಲಿಲ್ಲ. 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ಆ ತೀರ್ಪಿನ ತಿರುಳು ಆಡಳಿತ ಮಂಡಳಿಗಳಿಗೆ ಇಂದಿಗೂ ಬೇಕಾದದ್ದು: ಕಾನೂನಿನ ಆಧಾರವಿಲ್ಲದ ಇಲಾಖಾ ಸುತ್ತೋಲೆಯು ಮಗುವಿನ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾರದು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇನ್ನೂ ಮುಂದೆ ಹೋಯಿತು. ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದರ 16ನೆಯ ಪ್ರಕರಣ ವಿಧಿಸಿತು. 2019ರ ತಿದ್ದುಪಡಿಯಲ್ಲಿ ಅನುತ್ತೀರ್ಣಗೊಳಿಸುವ ನಿಯಮ ಸಡಿಲವಾಯಿತೇ ಹೊರತು ಈ ನಿಷೇಧ ಸಡಿಲವಾಗಲಿಲ್ಲ.

ಜೈನ ಸಮಾಜಕ್ಕೆ ನೇರವಾಗಿ ತಟ್ಟುವ ಸಂಗತಿ 2014ರದು. ಆ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಸಾರಿತು. ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ನಾಲ್ಕು ತಿಂಗಳ ಅಂತರದಲ್ಲಿ, ಅಲ್ಪಸಂಖ್ಯಾತ ಮಾನ್ಯತೆಯುಳ್ಳ ಜೈನ ಶಾಲೆಗಳ ಮೇಲಿಂದ ಆ ನಿಷೇಧ ಸರಿಯಿತು. ಬಯಸಿ ಪಡೆದ ಮಾನ್ಯತೆಯ ಜೊತೆಗೆ, ಬಹುಶಃ ಯಾರೂ ಬಯಸದ ಅಧಿಕಾರವೊಂದು ಕೈಗೆ ಬಂದಿತು.

ಅದು ಅಂಕುಶವಿಲ್ಲದ ಅಧಿಕಾರವಲ್ಲ. ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1958ರಷ್ಟು ಹಿಂದೆಯೇ, ಕೇರಳ ಶಿಕ್ಷಣ ಮಸೂದೆಯನ್ನು ಪರಿಶೀಲಿಸುವಾಗ ಹೇಳಿತ್ತು. ಆರೋಪವನ್ನು ಪಾಲಕರಿಗೆ ಲಿಖಿತವಾಗಿ ತಿಳಿಸುವುದು, ಮಗುವಿನ ಮಾತಿಗೆ ಕಿವಿಗೊಡುವುದು, ಕಾರಣಸಹಿತವಾದ ಆದೇಶ ಹೊರಡಿಸುವುದು ಸಹಜ ನ್ಯಾಯದ ಬೇಡಿಕೆಗಳು. ಆದರೆ ಹೆಚ್ಚಿನ ಕಡೆ ಆದೇಶವೇ ಹೊರಡುವುದಿಲ್ಲ. ತಂದೆಯನ್ನು ಕರೆಸಿ ‘ನೀವೇ ಟಿ.ಸಿ. ತೆಗೆದುಕೊಂಡು ಹೋಗಿ’ ಎನ್ನಲಾಗುತ್ತದೆ. ಕಡತದಲ್ಲಿ ಪಾಲಕರ ಕೋರಿಕೆಯೆಂದು ದಾಖಲಾಗುತ್ತದೆ. ನಗರದಲ್ಲಾದರೆ ಮತ್ತೊಂದು ಶಾಲೆ ಹತ್ತಿರ ಸಿಕ್ಕೀತು. ಮೋಟೆಬೆನ್ನೂರಿನಂಥ ಊರಿನ ಮಗು ಶಾಲೆ ಬದಲಿಸಬೇಕಾಗಿ ಬಂದರೆ ಬ್ಯಾಡಗಿಗೋ ಹಾವೇರಿಗೋ ದಿನವೂ ಬಸ್ಸು ಹಿಡಿಯಬೇಕು. ಹೆಣ್ಣುಮಗುವಾದರೆ ಓದು ಅಲ್ಲಿಗೇ ನಿಂತರೂ ನಿಂತೀತು. ಶಾಸ್ತ್ರದಾನ, ಅಭಯದಾನಗಳ ಹೆಸರಿನಲ್ಲಿ ಶಾಲೆ ಕಟ್ಟಿಸಿದ ಟ್ರಸ್ಟು ಇಂಥ ಕಾಗದಕ್ಕೆ ಸಹಿ ಹಾಕುವಾಗ, ಕಾಯಿದೆ ತಡೆಯುವುದಿಲ್ಲವೆಂಬುದು ಸಮರ್ಥನೆಯಾಗದು.

2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು 2014ರ ತೀರ್ಪಿನ ಔಚಿತ್ಯವನ್ನೇ ಸಂದೇಹಿಸಿ, ವಿಷಯವನ್ನು ಹೆಚ್ಚು ದೊಡ್ಡ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಸೂಚಿಸಿತು.