ಕದ್ದವನು ಮತ್ತು ಕೊಂಡವನು

ಕಳ್ಳನನ್ನು ನಾವೆಲ್ಲ ಬೈಯುತ್ತೇವೆ. ಆದರೆ ಕೊಳ್ಳುವವನೇ ಇಲ್ಲದಿದ್ದರೆ ಕದ್ದ ಗಡಿಯಾರವನ್ನು ಕಳ್ಳ ಏನು ಮಾಡಿಯಾನು? ಈ ಸರಳ ಪ್ರಶ್ನೆ ಕಾನೂನಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಇಂಗ್ಲೆಂಡಿನಲ್ಲಿ ಕದ್ದ ಮಾಲು ಕೊಂಡವನನ್ನು ಕಳ್ಳನ ಸಹಾಯಕನೆಂದು ಪರಿಗಣಿಸುವ ಶಾಸನ ಬಂದದ್ದು 1691ರಲ್ಲಿ. ಈ ಶಾಸನದ ಕಣ್ಣು ತಪ್ಪಿಸಲು ಲಂಡನ್ನಿನ ಜೊನಾಥನ್ ವೈಲ್ಡ್ ಹೊಸ ದಾರಿ ಕಂಡುಕೊಂಡ. ಮಾಲನ್ನು ತಾನು ಕೊಳ್ಳುತ್ತಿರಲಿಲ್ಲ. ಕಳೆದುಕೊಂಡವರು ಅವನ ಕಚೇರಿಗೆ ಬರುತ್ತಿದ್ದರು. ಅವನು 'ಹುಡುಕಿಸಿ' ಕೊಟ್ಟು ಬಹುಮಾನ ಪಡೆಯುತ್ತಿದ್ದ. ಕದ್ದವರು ಅವನ ಕಡೆಯವರೇ! ಮಾತು ಕೇಳದ ಕಳ್ಳರನ್ನು ಹಿಡಿದುಕೊಟ್ಟು ಗಲ್ಲಿಗೇರಿಸುತ್ತಿದ್ದ. ಊರಿನ ಕಣ್ಣಿಗೆ ಅವನು ಕಳ್ಳರನ್ನು ಹಿಡಿಯುವ ಮಹಾಶೂರ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಕಳ್ಳನನ್ನು ಕಾನೂನಿಗೆ ಒಪ್ಪಿಸದೆ ಮಾಲು ಮರಳಿಸಲು ಹಣ ಪಡೆಯುವುದೂ ಘೋರ ಅಪರಾಧವೆಂದು 1718ರಲ್ಲಿ ಕಾನೂನಾಯಿತು. ಜನ ಅದನ್ನು ವೈಲ್ಡನ ಹೆಸರಿನಿಂದಲೇ ಕರೆದರು. ಆದರೂ ಅವನ ದಂಧೆ ಏಳು ವರ್ಷ ನಡೆಯಿತು. ಕೊನೆಗೆ 1725ರಲ್ಲಿ ಅವನ ಮೇಲೆ ಲೇಸು ಕದ್ದ ಆರೋಪ ಬಂತು. ಕಳವಿನ ಆರೋಪದಿಂದ ಪಾರಾದ. ಅದೇ ಲೇಸನ್ನು ಮರಳಿಸಲು ಹತ್ತು ಗಿನಿ ಪಡೆದದ್ದಕ್ಕೆ ತಪ್ಪಿತಸ್ಥನಾದ. ಮೇ 24ರಂದು ಟೈಬರ್ನ್‌ನಲ್ಲಿ ಗಲ್ಲಿಗೇರಿದ.

ಈ ಪಾಠ ನಮ್ಮ ದೇಶಕ್ಕೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 411ನೇ ಕಲಂ, ಕದ್ದ ಮಾಲನ್ನು ಅಪ್ರಾಮಾಣಿಕವಾಗಿ ಪಡೆದವನಿಗೆ ಮೂರು ವರ್ಷದವರೆಗೆ ಸಜೆ ವಿಧಿಸಿತು. ಸಾಮಾನ್ಯ ಕಳವಿಗೂ ಅಷ್ಟೇ ಸಜೆ. ಇಂಥ ಮಾಲಿನ ವ್ಯಾಪಾರವನ್ನೇ ರೂಢಿ ಮಾಡಿಕೊಂಡವನಿಗೆ 413ನೇ ಕಲಂ ಜೀವಾವಧಿಯವರೆಗೂ ಹೋಯಿತು. ಅಂದರೆ ಹಸಿವಿನಿಂದ ಒಮ್ಮೆ ಕದ್ದವನಿಗಿಂತ ಅಂಗಡಿ ತೆರೆದು ಕೂತವನೇ ದೊಡ್ಡ ಅಪರಾಧಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಇವನ್ನೆಲ್ಲ 317ನೇ ಕಲಮಿನಲ್ಲಿ ಸೇರಿಸಿಕೊಂಡಿದೆ.

ಕಾನೂನಿನ ಒಂದು ಮಾತು ನಮ್ಮನ್ನು ಕಾಡುತ್ತದೆ: 'ತಿಳಿದು, ಅಥವಾ ನಂಬಲು ಕಾರಣವಿದ್ದು'. ಗೊತ್ತಿರಲಿಲ್ಲ ಎಂದರೆ ಸಾಲದು, ಅನುಮಾನಕ್ಕೆ ಕಾರಣವಿತ್ತೇ ಎಂದು ಅದು ಕೇಳುತ್ತದೆ. ಭಾನುವಾರದ ಸಂತೆಯಲ್ಲಿ ಬಿಲ್ಲಿಲ್ಲದ ಮೊಬೈಲು ಕಾಲು ಬೆಲೆಗೆ ಸಿಕ್ಕಾಗ ನಾವು ಏಕೆ ಇಷ್ಟು ಅಗ್ಗವೆಂದು ಕೇಳುವುದಿಲ್ಲ. ಉತ್ತರ ಗೊತ್ತಿರುವುದರಿಂದಲೇ ಕೇಳುವುದಿಲ್ಲ. ಕಳ್ಳತನದ ಇತಿಹಾಸದಲ್ಲಿ ಕಳ್ಳರ ಹೆಸರುಗಳಿವೆ, ವೈಲ್ಡನಂಥ ಕೆಲವರ ಹೆಸರುಗಳೂ ಇವೆ. ಅಗ್ಗಕ್ಕೆ ಕೊಂಡು ಸಂತೋಷಪಟ್ಟವರ ಹೆಸರುಗಳಿಲ್ಲ. ಆ ಪಟ್ಟಿ ಬರೆದರೆ ಅದರಲ್ಲಿ ನಮ್ಮ ಹೆಸರೂ ಇದ್ದೀತು.