ಆಳ ಮುಳುಗು ಮತ್ತು ಸ್ಮರಣಶಕ್ತಿ

ನೀರಿನ ಆಳದಲ್ಲಿ ಒತ್ತಡಕ್ಕೊಳಗಾದ ಗಾಳಿಯನ್ನು ಉಸಿರಾಡುವ ಮುಳುಗುಗಾರರ ಗಮನ, ವಿವೇಚನೆ ಮತ್ತು ನೆನಪು ಮಂಕಾಗುವುದುಂಟು. ಇದಕ್ಕೆ ಮುಖ್ಯ ಕಾರಣ ಸಾರಜನಕದ ಮಂಪರು. ಸಮುದ್ರದಲ್ಲಿ ಪ್ರತಿ 10 ಮೀ. ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ, 30 ಮೀ. ಆಳದಲ್ಲಿ ಅದು ಮೇಲ್ಮೈಯಲ್ಲಿರುವುದರ ನಾಲ್ಕು ಪಟ್ಟು. ಆ ಒತ್ತಡದಲ್ಲಿ ರಕ್ತಕ್ಕೂ ನರಕೋಶಗಳಿಗೂ ಹೆಚ್ಚು ಸಾರಜನಕ ಸೇರಿ ಅಮಲಿನಂಥ ಸ್ಥಿತಿ ಉಂಟಾಗುತ್ತದೆ. ಮೇಲೇರಿದರೆ ಅಮಲು ಇಳಿಯುತ್ತದೆ.

ಇತಿಹಾಸ: ಒತ್ತಡದ ಗಾಳಿ ಮಿದುಳನ್ನು ಉದ್ರೇಕಿಸುವುದನ್ನು ಫ್ರಾನ್ಸಿನ ವೈದ್ಯ ಜ್ಯುನೋ 1830ರ ದಶಕದಲ್ಲೇ ವರ್ಣಿಸಿದ್ದ. ಕಾರಣ ಸಾರಜನಕವೆಂದು 1935ರಲ್ಲಿ ಸೂಚಿಸಿದವರು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮತ್ತು ಸಂಗಡಿಗರು. ಕೊಬ್ಬಿನಲ್ಲಿ ಹೆಚ್ಚು ಕರಗುವ ಅನಿಲ ಹೆಚ್ಚು ಮತ್ತೇರಿಸುತ್ತದೆಂಬ ಮೇಯರ್ ಮತ್ತು ಓವರ್ಟನ್ನರ ಹಳೆಯ ಸಿದ್ಧಾಂತ ಇದಕ್ಕೆ ಆಧಾರವಾಯಿತು. ಕೊಬ್ಬಿನಲ್ಲಿ ಬಹಳ ಕಡಿಮೆ ಕರಗುವ ಹೀಲಿಯಂ ಪರಿಹಾರವಾಗಿ ಬಂತು. 1939ರಲ್ಲಿ 74 ಮೀ. ಆಳದಲ್ಲಿ ಮುಳುಗಿದ್ದ ಸ್ಕ್ವಾಲಸ್ ಜಲಾಂತರ್ಗಾಮಿಯನ್ನು ಎತ್ತುವ ಕೆಲಸದಲ್ಲಿ ಹೀಲಿಯಂ-ಆಮ್ಲಜನಕ ಮಿಶ್ರಣ ಬಳಕೆಯಾಯಿತು. ಗಾಳಿಯನ್ನೇ ಉಸಿರಾಡುತ್ತ ಸುಮಾರು 120 ಮೀ. ಇಳಿದ ಮಾರಿಸ್ ಫಾರ್ಗ್ 1947ರಲ್ಲಿ ಪ್ರಾಣ ಕಳೆದುಕೊಂಡ. ಅವನು ಫ್ರಾನ್ಸಿನ ಸಾಗರ ಅನ್ವೇಷಕ ಜಾಕ್ ಕುಸ್ತೋನ ತಂಡದವನು.

ನೆನಪಿನ ಪರೀಕ್ಷೆಗಳು: ಮಂಪರು ನೆನಪಿನ ಎಲ್ಲ ಭಾಗಗಳನ್ನೂ ಒಂದೇ ಸಮ ಕೆಡಿಸುವುದಿಲ್ಲ. 36 ಮೀ. ಆಳಕ್ಕೆ ಸಮನಾದ ಒತ್ತಡದ ಕೋಣೆಯಲ್ಲಿ ನಡೆದ ಪರೀಕ್ಷೆಯೊಂದು 1989ರಲ್ಲಿ ಪ್ರಕಟವಾಯಿತು. ಅದರಲ್ಲಿ ಪದಗಳನ್ನು ತಾವಾಗಿ ನೆನೆದು ಹೇಳುವುದು ಜನರಿಗೆ ಕಷ್ಟವಾಯಿತು. ಪಟ್ಟಿ ತೋರಿಸಿದಾಗ ಗುರುತಿಸುವುದಕ್ಕೆ ಅಷ್ಟು ತೊಡಕಾಗಲಿಲ್ಲ.

ಮಂಪರಿಗೆ ಸಂಬಂಧವಿಲ್ಲದ ಇನ್ನೊಂದು ಪರಿಣಾಮವನ್ನು ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ವರದಿ ಮಾಡಿದರು. ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಸುಮಾರು 6 ಮೀ. ನೀರಿನಡಿ ಕಲಿತ ಪದಗಳು ನೀರಿನಡಿಯಲ್ಲೇ, ದಡದಲ್ಲಿ ಕಲಿತವು ದಡದಲ್ಲೇ ಹೆಚ್ಚು ನೆನಪಾದವು. 2021ರಲ್ಲಿ ಪ್ರಕಟವಾದ ಮರುಪ್ರಯೋಗಕ್ಕೆ ಈ ಫಲ ದೊರೆಯಲಿಲ್ಲ.

ಹೀಲಿಯಂನ ಮಿತಿ: ಸುಮಾರು 150 ಮೀ.ಗಿಂತ ಕೆಳಗೆ ಹೀಲಿಯಂ ಉಸಿರಾಡುವವರಿಗೂ ಕೈನಡುಕ, ತಲೆಸುತ್ತು ಮತ್ತು ಗಮನದ ಕುಸಿತ ಕಾಣಿಸಬಹುದು. ಇದು ಒತ್ತಡವೇ ನರಮಂಡಲದ ಮೇಲೆ ಬೀರುವ ಪರಿಣಾಮ. ಇದನ್ನು ತಗ್ಗಿಸಲು ಜಲಜನಕ ಬೆರೆಸಿದ ಅನಿಲವನ್ನು ಬಳಸಿದ ಫ್ರಾನ್ಸಿನ ಕೋಮೆಕ್ಸ್ ಸಂಸ್ಥೆ 1992ರಲ್ಲಿ ಒತ್ತಡದ ಕೋಣೆಯಲ್ಲಿ 701 ಮೀ.ಗೆ ಸಮನಾದ ಆಳವನ್ನು ಮುಟ್ಟಿತು.

ಕರ್ನಾಟಕದಲ್ಲಿ: ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ರಾಜ್ಯದ ಹೆಸರಾಂತ ಸ್ಕೂಬಾ ತಾಣ. ತರಬೇತಿಯಿಲ್ಲದವರು ಬೋಧಕರೊಡನೆ ಇಳಿಯಲು ಸಾಮಾನ್ಯವಾಗಿ ಅನುಸರಿಸುವ ಮಿತಿ 12 ಮೀ.; ಅಷ್ಟು ಆಳದಲ್ಲಿ ಮಂಪರು ಗಮನಕ್ಕೆ ಬರುವುದೇ ಅಪರೂಪ. ಸಾಮಾನ್ಯವಾಗಿ 30 ಮೀ. ಆಸುಪಾಸಿನಲ್ಲಿ ಅದರ ಲಕ್ಷಣಗಳು ಅನುಭವಕ್ಕೆ ಬರತೊಡಗುತ್ತವೆ. ಹವ್ಯಾಸಿಗಳಿಗೆ 40 ಮೀ. ಗಡಿ ಇರುವುದಕ್ಕೆ ಇದೂ ಒಂದು ಕಾರಣ. ಆಳದ ಕೆಲಸಕ್ಕೆ ಹೋಗುವವರು ಇಳಿಯುವ ಮೊದಲೇ ಕ್ರಮವನ್ನು ಬಾಯಿಪಾಠ ಮಾಡಿ, ಆಳ ಮತ್ತು ಸಮಯವನ್ನು ನೀರಿನಡಿ ಬರೆಯಬಲ್ಲ ಫಲಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ.